ಕಟ್ಟಿಹಾಕಿದ ದೇವರು

ಅರಿಷತ್ ಮಾತು ಕಡಿಮೆಯ ಹೆಂಗಸು. ಊರು ಅವಳನ್ನು ಗುರುತಿಸುತ್ತಿದ್ದದ್ದು ಕೈಗಳಿಂದ. ಮೊಣಕೈವರೆಗೂ ಅತ್ತ ಕೆಂಪೂ ಅಲ್ಲದ, ಇತ್ತ ನೀಲಿಯೂ ಅಲ್ಲದ ಬಣ್ಣ. ಉಗುರಿನ ಬುಡದಲ್ಲಿ ಕಪ್ಪು. ಸಮುದ್ರದ ಶಂಖದ ಹುಳುವಿನಿಂದ ತೆಗೆದ ಬಣ್ಣ ಅದು. ತೂರ್ ಪಟ್ಟಣದ ಬಣ್ಣದ ಮನೆಗೆ ಸೊಸೆಯಾಗಿ ಬಂದವಳ ಕೈ ವರ್ಷ ತುಂಬುವುದರೊಳಗೆ ಹೀಗಾಗುತ್ತದೆ. ಆಮೇಲೆ ಸಾಯುವವರೆಗೂ ಹಾಗೇ.

“ರಾಜರ ಮೈಮೇಲೆ ಇರೋದು ಮೊದಲು ನಮ್ಮ ಕೈಮೇಲೆ ಇರುತ್ತೆ,” ಎನ್ನುತ್ತಿದ್ದ ಅವಳ ಮಾವ ಅಬ್ದಿಮಿಲ್ಕ. “ಬಟ್ಟೆ ಹರಿದು ಚಿಂದಿಯಾಗಲಿ, ಉಟ್ಟೋನು ಸತ್ತು ಮಣ್ಣಾಗಲಿ, ತೂರಿನ ಬಣ್ಣ ಬಿಡೋದಿಲ್ಲ.”

ಬಿಡುವುದಿಲ್ಲವೆಂದು ಅರಿಷತ್‌ಗೂ ಗೊತ್ತಿತ್ತು. ಅದಕ್ಕೇ ಐದು ವರ್ಷದ ಮಗಳು ಬತ್ನೋಳನ್ನು ಅವಳು ಹಂಡೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಬಣ್ಣದ ಜೊತೆ ನಾತವೂ ಮೈಗೆ ಅಂಟುತ್ತದೆ, ಹುಳು ಕೊಳೆತು ಉಪ್ಪಿನಲ್ಲಿ ಹತ್ತು ದಿನ ಸಣ್ಣ ಉರಿಯಲ್ಲಿ ಬೆಂದ ನಾತ. ನೀರಿನ ತೊಟ್ಟಿಯ ಬಳಿ ಬೇರೆ ಕೇರಿಯ ಹೆಂಗಸರು ಇವಳಿಗೆ ದಾರಿ ಬಿಡುತ್ತಿದ್ದದ್ದು ಗೌರವಕ್ಕಲ್ಲ. ಮಗಳಾದರೂ ಬಿಳೀ ಕೈಯಲ್ಲಿ ಬೆಳೆಯಲಿ ಎಂದು ಅವಳ ಆಸೆ. ಮಾವನಿಗೆ ಅದು ಸರಿಬರುತ್ತಿರಲಿಲ್ಲ.

“ನಮ್ಮ ಮನೆ ಹುಡುಗಿ ಕೈ ನೋಡು, ಹಿಟ್ಟು ಮಾರೋರ ಮನೆಯವಳ ಹಾಗಿದೆ. ನಾಚಿಕೆ ಕಣಮ್ಮ.”

ಅವಳು ಮಗುವಿನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಗಂಡ ಯತೋನ್ ಹುಟ್ಟು ಹಾಕುವವನಾಗಿ ದೊಡ್ಡ ಹಡಗುಗಳ ಜೊತೆ ಹೋಗಿ ಎರಡು ವರ್ಷವಾಗಿತ್ತು. ಸುದ್ದಿ ಇರಲಿಲ್ಲ.

ಮಕೆದೋನ್ಯದ ರಾಜ ಸೈನ್ಯದೊಡನೆ ತೂರಿನ ದ್ವೀಪದ ಎದುರಿನ ದಡಕ್ಕೆ ಬಂದು ಕೂತದ್ದು ಚಳಿಗಾಲದಲ್ಲಿ. ಮೊದಲು ಅವನು ಕೇಳಿದ್ದು ಇಷ್ಟೇ: ದ್ವೀಪದೊಳಗೆ ಬಂದು ನಿಮ್ಮ ಮೆಲ್ಕಾರ್ತ್ ದೇವರಿಗೆ ಪೂಜೆ ಸಲ್ಲಿಸಬೇಕು, ಬಾಗಿಲು ತೆಗೆಯಿರಿ. ಊರಿನ ಹಿರಿಯರು ಸಭೆ ಸೇರಿ, ಪೂಜೆಯೇ ಬೇಕಿದ್ದರೆ ದಡದ ಮೇಲಿನ ಹಳೇ ಊರಿನಲ್ಲೂ ಗುಡಿ ಇದೆ, ಅಲ್ಲೇ ಮಾಡಿಕೊಂಡು ಹೋಗು ಎಂದು ಹೇಳಿ ಕಳಿಸಿದರು. ಆ ಮಾತು ತನ್ನ ಬಾಯಿಂದ ಬಂದದ್ದು ಎಂದು ಅಬ್ದಿಮಿಲ್ಕ ಬಂದವರಿಗೆಲ್ಲ ಹೇಳಿದ. ಹೇಳುವಾಗ ಪ್ರತಿ ಸಲ ಕೈಯನ್ನು ದಡದ ಕಡೆಗೆ ಹೀಗೆ ಬೀಸುತ್ತಿದ್ದ, ಕೋಳಿ ಓಡಿಸುವವನ ಹಾಗೆ.

ಆ ರಾಜ ಹೋಗಲಿಲ್ಲ. ಹಳೇ ಊರನ್ನು ಕೆಡವಿ, ಕಲ್ಲು ಮರ ಮಣ್ಣನ್ನೆಲ್ಲ ಸಮುದ್ರಕ್ಕೆ ಸುರಿದು, ದ್ವೀಪದವರೆಗೆ ದಾರಿ ಕಟ್ಟಲು ಶುರುಮಾಡಿದ.

“ಸಮುದ್ರಾನ ತುಂಬಿಸ್ತಾನಂತೆ!” ಅಬ್ದಿಮಿಲ್ಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಬುಟ್ಟಿ ಸಾಲದೆ ಹೋದ್ರೆ ನಮ್ಮನೇದು ಎರಡು ಕಳಿಸೋಣ, ಪಾಪ.”

ಅರಿಷತ್‌ಳ ತವರು ಹಳೇ ಊರಿನಲ್ಲಿತ್ತು. ಆ ಮನೆಯ ಕಲ್ಲುಗಳೂ ಈಗ ನೀರಿನಲ್ಲಿದ್ದವು. ಅವಳು ದಿನಾ ಬೆಳಿಗ್ಗೆ ಬಣ್ಣದ ಮನೆಯ ಗೋಡೆ ಹತ್ತಿ ನೋಡುತ್ತಿದ್ದಳು. ನಿನ್ನೆ ಅಲೆ ಹೊಡೆಯುತ್ತಿದ್ದ ಜಾಗದಲ್ಲಿ ಇಂದು ಮನುಷ್ಯರು ನಿಂತಿರುತ್ತಿದ್ದರು.

ಬಂದರಿನಲ್ಲಿ ಕಾರ್ತೇಜಿನ ಹಡಗೊಂದಿತ್ತು. ಕಾರ್ತೇಜನ್ನು ಕಟ್ಟಿದವರು ತೂರಿನವರೇ. ಆ ಊರು ಈಗ ತೂರನ್ನೂ ಮೀರಿಸಿ ಬೆಳೆದಿದ್ದರೂ, ಮಗಳು ತವರಿನ ದೇವರಿಗೆ ಕಳಿಸಿದ ಹಾಗೆ ವರ್ಷ ವರ್ಷ ಕಾಣಿಕೆ ಕಳಿಸುತ್ತಿತ್ತು. ಈ ಸಲ ಕಾಣಿಕೆ ತಂದವನು ಗಿಸ್ಕೊ ಎಂಬ ಹಡಗಿನ ಯಜಮಾನ. ಹಿಂದಕ್ಕೆ ಹೋಗುವಾಗ ಹೆಂಗಸರು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ಮನೆಯ ಹಿರಿಯರ ಮುದ್ರೆ ಒತ್ತಿದ ಮಣ್ಣಿನ ಬಿಲ್ಲೆ ತಂದರೆ ಸಾಕು ಎಂದು ಅವನು ಸಾರಿದ. ನಾಲ್ಕು ದಿನ ಕಾಯುತ್ತೇನೆ ಎಂದ. ನೆರೆಯ ಸೀದೋನ್ ಪಟ್ಟಣದ ಹಡಗುಗಳು ಶತ್ರುವಿನ ಕಡೆ ಸೇರಿವೆಯೆಂಬ ಸುದ್ದಿ ಬಂದಿತ್ತು. ಅವು ಬಂದು ಬಂದರಿನ ಬಾಯಿ ಮುಚ್ಚಿದರೆ ಆಮೇಲೆ ಮೀನೂ ಹೊರಗೆ ಹೋಗುವ ಹಾಗಿರಲಿಲ್ಲ.

ಆವತ್ತು ಅರಿಷತ್ ಬಾರ್ಲಿ ರೊಟ್ಟಿ, ಉಪ್ಪುಮೀನು ಮಾವನ ಮುಂದಿಟ್ಟು ಎಂದಿಗಿಂತ ಹೆಚ್ಚು ಹೊತ್ತು ನಿಂತಳು.

“ಮಾವಯ್ಯ, ಮಗೂನ ಕಳಿಸೋಣ. ನಾನು ಬೇಕಾದ್ರೆ ಇಲ್ಲೇ ಇರ್ತೀನಿ. ಅವಳೊಬ್ಬಳಿಗೆ ಮುದ್ರೆ ಒತ್ತಿಕೊಡಿ.”

“ಎಲ್ಲಿಗೆ?”

“ಕಾರ್ತೇಜಿಗೆ.”

ಅವನು ರೊಟ್ಟಿ ಕೆಳಗಿಟ್ಟ. ಸಿಟ್ಟು ಬಂದಿರಲಿಲ್ಲ. ಚಿಕ್ಕವರಿಗೆ ತಿಳಿಸಿ ಹೇಳುವವನ ದನಿಯಲ್ಲೇ ಹೇಳಿದ.

“ತಾಯಿ ಮಗಳ ಮನೆಗೆ ಉಣ್ಣೋಕೆ ಹೋಗ್ತಾಳೇನಮ್ಮ? ಅವರು ನಮಗೆ ಕಾಣಿಕೆ ತರೋರು. ನಾಳೆ ಅವರ ಬಾಗಿಲಲ್ಲಿ ನನ್ನ ಮೊಮ್ಮಗಳು ಬಟ್ಟಲು ಹಿಡ್ಕೊಂಡು ನಿಲ್ಲಬೇಕಾ? ತೂರಿನ ಅಬ್ದಿಮಿಲ್ಕನ ಮೊಮ್ಮಗಳು?”

“ಬದುಕಿರ್ತಾಳೆ...”

“ಇಲ್ಲೂ ಬದುಕಿರ್ತಾಳೆ. ಯಾವನೇ ರಾಜ ಆಗಲಿ, ಬಟ್ಟೆಗೆ ಬಣ್ಣ ಬೇಕು ಅಂದ್ರೆ ನನ್ನ ಹಂಡೆ ಹತ್ರಾನೇ ಬರಬೇಕು. ಹೋಗು, ಉರಿ ನೋಡು.”

ಅವಳು ಉರಿ ನೋಡಲು ಹೋದಳು.

ಬಣ್ಣದ ಮನೆಯ ಹೊರಗೋಡೆಯ ಮೇಲೆ ಶಿಬಲತ್ ತನ್ನ ಬಲೆ ಹರವುತ್ತಿದ್ದಳು. ಅವಳು ಶಂಖ ಹಿಡಿದು ತಂದುಕೊಡುವವಳು, ಗಂಡನಿಲ್ಲದ ದಪ್ಪ ಹೆಂಗಸು. ಅಬ್ದಿಮಿಲ್ಕ ನೋಡಿದಾಗಲೆಲ್ಲ “ಇದೇನು ಬಲೆ ಒಣಗಿಸೋ ಬಂಡೆಯಾ, ತೂರಿನ ಗೋಡೆ ಕಣೆ ಇದು” ಎಂದು ಬೈಯುತ್ತಿದ್ದ. ಅವನು ಒಳಗೆ ಹೋದೊಡನೆ ಅವಳು ಮತ್ತೆ ಹರವುತ್ತಿದ್ದಳು.

“ಮುಖ ಯಾಕೆ ಉಪ್ಪಲ್ಲಿಟ್ಟ ಹುಳುವಿನ ಹಾಗಿದೆ?” ಎಂದಳು. ಅರಿಷತ್ ಹೇಳಿದಳು. ಶಿಬಲತ್ ಬಲೆಯ ಗಂಟು ಬಿಡಿಸುತ್ತಲೇ ಕೇಳಿದಳು.

“ನಿಮ್ಮ ಮಾವ ಮನುಷ್ಯರ ಮಾತು ಯಾವತ್ತು ಕೇಳಿದಾನೆ? ಅವನು ಕೇಳೋದು ಕನಸಿನ ಮಾತು. ಆ ವರ್ಷ ಹಂಡೆ ಸೀಳಿತು ಅಂತ ಕನಸು ಬಿತ್ತು ಅಂತ, ಚೆನ್ನಾಗಿದ್ದ ಬಣ್ಣಾನೆಲ್ಲ ಚರಂಡಿಗೆ ಸುರಿಸಲಿಲ್ವಾ? ನಾನೇ ಮೂರು ದಿನ ಅತ್ತೆ, ನನ್ನ ಶಂಖ ಎಲ್ಲ ಹೋಯ್ತಲ್ಲ ಅಂತ.” ಅವಳು ನಕ್ಕಳು. “ನೀನೂ ಒಂದು ಕನಸು ಕಾಣೇ. ಅಡಿಗೆ ಮಾಡೋಕೆ ಬರುತ್ತೆ, ಕನಸು ಮಾಡೋಕೆ ಬರಲ್ವಾ?”

ಶಿಬಲತ್‌ಗೆ ಅದು ತಮಾಷೆ. ಆದರೆ ಅರಿಷತ್ ಅಂದು ಇಡೀ ದಿನ ಹಂಡೆ ಕಲಕುತ್ತ ಆ ಕನಸನ್ನೇ ಕಟ್ಟಿದಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹಾಗಾಗಿ ತಾನು ನಿಜವಾಗಿ ಕಂಡಿದ್ದ ವಸ್ತುಗಳನ್ನೇ ಆರಿಸಿಕೊಂಡಳು. ಮೆಲ್ಕಾರ್ತನ ಗುಡಿಯ ಅಂಗಳದಲ್ಲಿ ರೆಷೆಫ್ ದೇವರ ದೊಡ್ಡ ಕಂಚಿನ ವಿಗ್ರಹವಿತ್ತು. ಕಾರ್ತೇಜಿನವರು ಯಾವುದೋ ಯುದ್ಧದಲ್ಲಿ ಗೆದ್ದು ತಂದು ತೂರಿಗೆ ಕಾಣಿಕೆ ಕೊಟ್ಟದ್ದು. ಅದರ ಎಡಗಾಲು ಒಂದು ಹೆಜ್ಜೆ ಮುಂದಿತ್ತು. ಚಿಕ್ಕವಳಿದ್ದಾಗಿನಿಂದ ಅವಳಿಗೆ ಆ ಕಾಲನ್ನು ನೋಡಿದರೆ, ಇವನು ಹೊರಟಿದ್ದಾನೆ ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಮಾವ ಕೋಲಿನ ತುದಿಯಲ್ಲಿ ಉಣ್ಣೆಯ ಎಳೆ ಎತ್ತಿ ಬಣ್ಣ ನೋಡುತ್ತಿದ್ದಾಗ ಅವಳು ಹೇಳಿದಳು.

“ಮಾವಯ್ಯ, ಒಂದು ಕನಸು ಬಿತ್ತು.”

ಅವನು ತಿರುಗಿದ.

“ರೆಷೆಫ್ ದೇವರು ಗುಡಿಯಿಂದ ಇಳಿದು ಬಂದ. ಬಂದರಿನವರೆಗೂ ನಡ್ಕೊಂಡು ಹೋದ. ಕಾರ್ತೇಜಿನ ಹಡಗು ಹತ್ತಿದ. ಹತ್ತಿ, ಹಿಂದೆ ತಿರುಗಿ ಕೈ ಮಾಡಿ ಕರೆದ. ಮಕ್ಕಳನ್ನ ಕರೆದ.”

ಕೋಲು ಅವನ ಕೈಯಿಂದ ಜಾರಿ ಹಂಡೆಯೊಳಗೆ ಬಿತ್ತು. ಎಂದೂ ಕೋಲು ಬೀಳಿಸಿದವನಲ್ಲ. ಅವನ ಮುಖ ಬೆಳ್ಳಗಾದದ್ದನ್ನು ನೋಡಿ ಅವಳ ಎದೆ ಹಗುರಾಯಿತು. ಈಗ ಮುದ್ರೆಯ ಉಂಗುರ ತೆಗೆಯುತ್ತಾನೆ ಅಂದುಕೊಂಡಳು.

“ಏಳು,” ಎಂದ. “ಸೆರಗು ಹೊದ್ದುಕೋ. ಇದನ್ನ ಹಿರಿಯರ ಮುಂದೆ ಹೇಳಬೇಕು.”

“ಬೇಡ ಮಾವಯ್ಯ, ನಿಮಗೆ ಹೇಳಿದ್ದು ಸಾಕು...”

“ಊರಿನ ಕನಸು ಕಣಮ್ಮ ಇದು! ನಮ್ಮನೇಲಿಟ್ಕೊಳ್ಳೋಕಾಗುತ್ತಾ?”

ಗುಡಿಯ ಅಂಗಳದಲ್ಲಿ ಮೂವತ್ತು ಜನ ಹಿರಿಯರು ಸೇರಿದರು. ಅವರ ಹಿಂದೆ ಪೂಜಾರಿಗಳು, ಅವರ ಹಿಂದೆ ಕಿವಿ ಚಾಚಿದ ಊರು. ಎಲ್ಲರ ಮೈಮೇಲೂ ಅವಳ ಮನೆಯ ಬಣ್ಣವೇ ಇತ್ತು. ಅವಳು ನೆಲ ನೋಡುತ್ತ ಹೇಳಿದಳು. ಅರ್ಧಕ್ಕೆ ಬಂದಾಗ ಸುತ್ತ ಒಂದು ಕೆಮ್ಮೂ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ತನ್ನ ಮಾತನ್ನು ಇಷ್ಟು ಜನ ಹೀಗೆ ಕೇಳಿದ್ದಿಲ್ಲ ಎಂಬುದು ಅವಳಿಗೆ ಹೊಳೆಯಿತು. ಒಂದು ಗಳಿಗೆ, ಒಂದೇ ಗಳಿಗೆ, ಅದು ಹಿತವಾಗಿಯೂ ಇತ್ತು. ಕಟ್ಟಿಕೊಂಡು ಬಂದಿರದ ಒಂದು ಮಾತು ತಾನಾಗಿ ಬಂತು: “ನೀರಿಗೆ ಕಾಲಿಟ್ರೂ ಅವನ ಪಾದ ಒದ್ದೆ ಆಗಲಿಲ್ಲ.”

ಜನ ನಿಟ್ಟುಸಿರಿಟ್ಟರು.

“ಮಕ್ಕಳನ್ನ ಕರೆದ,” ಎಂದಳು ಮತ್ತೆ, ಗಟ್ಟಿಯಾಗಿ. “ಮಕ್ಕಳನ್ನ ಹಡಗಿಗೆ ಹತ್ತಿಸಿ ಅಂತ ಅರ್ಥ ಅಲ್ವಾ?”

ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ದೇವರು ನಮ್ಮನ್ನ ಬಿಟ್ಟು ಹೋಗ್ತಿದಾನೆ,” ಎಂದ ಒಬ್ಬ.

“ಮೊದಲಿಂದಲೂ ಅವನು ಹೊರಗಿನೋನೇ. ಗೆದ್ದು ತಂದ ದೇವರು. ನಿಯತ್ತು ಎಲ್ಲಿಂದ ಬರಬೇಕು?” ಎಂದ ಇನ್ನೊಬ್ಬ.

ಮುಂದಿನ ಸಾಲಿನಲ್ಲಿ ಹಲ್ಲಿಲ್ಲದ ಮುದುಕನೊಬ್ಬ ಕೂತಿದ್ದ, ನೂರು ಹಡಗುಗಳ ಒಡೆಯ. ಅವನು ಕಿಸಕ್ಕನೆ ನಕ್ಕ. “ಓಡಿ ಹೋಗೋ ಕತ್ತೆಗೆ ಏನು ಮಾಡ್ತೀರಪ್ಪ? ಕಟ್ಟಿಹಾಕ್ತೀರಿ. ದೇವರು ಅಂದ್ರೆ ಚಿನ್ನದ್ದು ಹಾಕೋಣ, ಅಷ್ಟೇ ವ್ಯತ್ಯಾಸ.”

ಮೊದಲು ಜನ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಸಂಜೆಯೊಳಗೆ ಮನೆಮನೆಯಿಂದ ಬಳೆ, ಸರ, ಕಾಲುಂಗುರ ಬಂದು ಬಿದ್ದವು. ಅಬ್ದಿಮಿಲ್ಕ ಸತ್ತ ಹೆಂಡತಿಯ ಕಂಠಿಯನ್ನು ತಂದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಹಾಕಿದ. ಅಕ್ಕಸಾಲಿಗರು ಅದನ್ನೆಲ್ಲ ಕರಗಿಸಿ ಸರಪಳಿ ಮಾಡಿದರು. ರೆಷೆಫ್‌ನ ಮುಂದಿಟ್ಟ ಎಡಗಾಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಮೆಲ್ಕಾರ್ತನ ಬಲಿಪೀಠಕ್ಕೆ ಬಿಗಿದರು. ನಮ್ಮ ದೇವರು ಅವನನ್ನು ಹಿಡಿದುಕೊಳ್ಳುತ್ತಾನೆ ಎಂದರು.

ಮರುದಿನ ಹೊತ್ತೇರುವ ಮೊದಲೇ ಸಾರುವವನು ಬೀದಿಯಲ್ಲಿ ಕೂಗುತ್ತ ಬಂದ. ದೇವರಿಗೆ ಇರು ಎಂದು ಹೇಳಿ ಮನುಷ್ಯರು ಹೊರಟರೆ ಅವನು ಸುಮ್ಮನಿರುತ್ತಾನೆಯೇ? ಇನ್ನು ಮುಂದೆ ತೂರಿನ ಒಂದು ಜೀವವೂ ಹಡಗು ಹತ್ತಕೂಡದು. ಕೊಟ್ಟ ಮುದ್ರೆಗಳೆಲ್ಲ ರದ್ದು. ಹತ್ತಿದವರನ್ನು ಸಮುದ್ರಕ್ಕೆ ಎಸೆಯಲಾಗುವುದು.

ಅರಿಷತ್ ಹಂಡೆಯ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ಬತ್ನೋ ಒಳಗೆ ಖಾಲಿ ಶಂಖಗಳನ್ನು ಸಾಲಾಗಿ ಇಟ್ಟು ಹಡಗು ಹಡಗು ಎಂದು ಆಡುತ್ತಿದ್ದಳು. ತಾಯಿ ಮಾವನ ಕಾಲ ಬಳಿ ಕುಸಿದು ಕೂತಳು.

“ಮಾವಯ್ಯ, ನಾನು ಸುಳ್ಳು ಹೇಳಿದೆ. ಕನಸು ಬಿದ್ದಿಲ್ಲ. ಮಗೂನ ಕಳಿಸ್ತೀರೇನೋ ಅಂತ ಕಟ್ಟಿ ಹೇಳಿದೆ. ಹಿರಿಯರಿಗೆ ಹೇಳಿ, ನನಗೆ ಏನು ಶಿಕ್ಷೆ ಬೇಕಾದ್ರೂ ಕೊಡಲಿ.”

ಆ ಬೆಳಿಗ್ಗೆ ಅವನು ನೀರಿನ ತೊಟ್ಟಿಯವರೆಗೆ ಹೋಗಿ ಬಂದಿದ್ದ. ದಾರಿಯಲ್ಲಿ ಹಡಗಿನ ಒಡೆಯರು ಕೂಡ ನಿಂತು ತಲೆಬಾಗಿದ್ದರು, ಕನಸು ಬಿದ್ದ ಮನೆ ಇವರದ್ದು ಎಂದು. ನಾತಕ್ಕೆ ಮೂಗು ಮುಚ್ಚುತ್ತಿದ್ದವರು ಮೂಗು ಮುಚ್ಚಿರಲಿಲ್ಲ.

“ಹೆದರಿಕೆಯಿಂದ ಹೀಗಂತಿದೀಯ,” ಎಂದ. “ದೇವರು ಬಾಯಿಗೆ ಬಂದ್ರೆ ಹೇಳಿದೋರಿಗೆ ಗೊತ್ತಾಗೋದಿಲ್ಲ. ತಾನೇ ಕಟ್ಟಿದೆ ಅನ್ಸುತ್ತೆ. ಪಾದ ಒದ್ದೆ ಆಗಲಿಲ್ಲ ಅಂದೆಯಲ್ಲ, ಅದನ್ನ ನೀನು ಕಟ್ಟಿದ್ದಾ?”

ಅವಳಿಗೆ ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ.

“ನೋಡಿದ್ಯಾ. ಈ ಮಾತು ಈ ಬಾಗಿಲು ದಾಟಬಾರದು.”

ಅವನು ಆಚೆ ಹೋದೊಡನೆ ಅವಳು ಮಗುವನ್ನು ಎತ್ತಿಕೊಂಡು ಬಂದರಿಗೆ ಓಡಿದಳು. ಮಧ್ಯಾಹ್ನದ ಬಿಸಿಲು. ಗಿಸ್ಕೊನ ಆಳುಗಳು ಹಗ್ಗ ಬಿಚ್ಚುತ್ತಿದ್ದರು. ಹಡಗಿನ ಮೇಲೆ ಮಕ್ಕಳಿಗೆಂದು ಕಟ್ಟಿದ್ದ ನೆರಳಿನ ಬಟ್ಟೆಯ ಕೆಳಗೆ ಯಾರೂ ಇರಲಿಲ್ಲ. ನೀರಿನ ಗಡಿಗೆಗಳು ಸಾಲಾಗಿ ತುಂಬಿ ನಿಂತಿದ್ದವು.

“ಅಣ್ಣಾ, ಇವಳೊಬ್ಬಳನ್ನ. ಸಣ್ಣೋಳು. ಗಡಿಗೆ ಹಿಂದೆ ಕೂರಿಸಿದ್ರೆ ಕಾಣೋದಿಲ್ಲ.”

ಗಿಸ್ಕೊ ಅವಳ ಕೈ ನೋಡಿದ, ಮುಖ ನೋಡಿದ.

“ನೀನೇ ಅಲ್ವೇನಮ್ಮ, ಕನಸಿನ ಹೆಂಗಸು? ನಿನ್ನೆ ಗುಡಿಯಲ್ಲಿ ನಾನೂ ಇದ್ದೆ.” ಅವನು ದನಿ ತಗ್ಗಿಸಿದ. “ನೂರೈವತ್ತು ಮಕ್ಕಳಿಗೆ ಜಾಗ ಮಾಡಿದ್ದೆ ನಾನು. ದೇವರು ನನ್ನ ಹಡಗು ಹತ್ತಿದ ಅಂತ ನೀನು ಹೇಳಿದ ಮೇಲೆ ಒಂದೊಂದು ಮೂಟೆನೂ ಬಿಚ್ಚಿ ನೋಡ್ತಿದಾರೆ. ಒಳಗೆ ಒಂದು ಕೂಸು ಸಿಕ್ಕಿದ್ರೆ ನನ್ನ ಆಳುಗಳು ಅರವತ್ತು ಜನ ಸಾಯ್ತಾರೆ. ನೋಡು.”

ಬಂದರಿನ ಬಾಯಿಯಲ್ಲಿ ಭರ್ಜಿ ಹಿಡಿದವರು ನಿಂತು, ಹೊರಟಿದ್ದ ಇನ್ನೊಂದು ಹಡಗಿನ ಒಂದೊಂದು ಗಡಿಗೆಯೊಳಗೂ ಕೋಲು ಇಳಿಸಿ ನೋಡುತ್ತಿದ್ದರು.

“ಬೇರೆ ಏನಾದ್ರೂ ಕನಸು ಕಾಣಬಾರದಿತ್ತಾ ತಾಯಿ,” ಎಂದು ಗಿಸ್ಕೊ ಹಲಗೆ ಎಳೆದುಕೊಂಡ.

ಖಾಲಿ ಹಡಗು ಹೊರಟಿತು. ಬತ್ನೋ ಕೈಬೀಸಿದಳು. ಹಡಗಿನಿಂದ ಯಾರೂ ತಿರುಗಿ ಕೈಬೀಸಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಕೆಲವರು ಅವಳನ್ನು ಕಂಡರೆ ಕೈ ಮುಗಿದರು. ಕೆಲವು ತಾಯಂದಿರು ಉಗುಳಿದರು. ಅವಳು ಎರಡಕ್ಕೂ ತಲೆ ತಗ್ಗಿಸಿದಳು. ಸೀದೋನಿನ ಹಡಗುಗಳು ಬಂದು ಬಂದರಿನ ಬಾಯಿ ಮುಚ್ಚಿದವು. ಕಲ್ಲಿನ ದಾರಿ ಬಂದು ಗೋಡೆ ಮುಟ್ಟಿತು. ಉಣ್ಣೆ ಮುಗಿಯಿತು. ಶಂಖ ತರಲು ನೀರಿಗಿಳಿದ ಶಿಬಲತ್ ಒಂದು ದಿನ ವಾಪಸು ಬರಲಿಲ್ಲ. ಅವಳು ಹರವಿದ್ದ ಬಲೆ ಗೋಡೆಯ ಮೇಲೆ ಹಾಗೇ ಉಳಿಯಿತು. ಅಬ್ದಿಮಿಲ್ಕ ಅದನ್ನು ತೆಗೆಸಲಿಲ್ಲ, ಬೈಯಲೂ ಇಲ್ಲ. ಬಟ್ಟೆಯಿಲ್ಲದ ಹಂಡೆಗೆ ದಿನಾ ಉರಿ ಹಾಕುತ್ತ ಕೂತ.

ಏಳನೇ ತಿಂಗಳು ದಕ್ಷಿಣದ ಗೋಡೆ ಬಿತ್ತು, ಬಣ್ಣದ ಮನೆಯಿಂದ ಹತ್ತು ಮಾರು ದೂರದಲ್ಲಿ. ಮಾವ ಕಲಕುವ ಕೋಲು ಹಿಡಿದು ಬಾಗಿಲಲ್ಲಿ ನಿಂತ. “ಏ, ಅಲ್ಲೇ ನಿಲ್ಲಿ! ಹಂಡೆ ಮುಟ್ಟಬೇಡಿ!” ಎಂದು ಗದರಿದ, ಮನೆಯ ಆಳುಗಳನ್ನು ಗದರಿಸುವ ಹಾಗೆ. ಒಳನುಗ್ಗಿದ ಸೈನಿಕರಿಗೆ ಅವನ ಭಾಷೆ ತಿಳಿಯಲಿಲ್ಲ. ಅವನನ್ನು ಕೊಂದು, ಅಡಿಯಲ್ಲಿ ಚಿನ್ನವಿದ್ದೀತೆಂದು ಹಂಡೆ ಉರುಳಿಸಿದರು. ನಾತಕ್ಕೆ ವಾಂತಿ ಮಾಡಿಕೊಳ್ಳುತ್ತ ಹೊರಗೋಡಿದರು. ಹಿತ್ತಿಲಲ್ಲಿ ಮನೆಯೆತ್ತರ ಬಿದ್ದಿದ್ದ ಶಂಖದ ಚಿಪ್ಪಿನ ರಾಶಿಯೊಳಗೆ ಅರಿಷತ್ ಮಗುವಿನ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಮೂರನೇ ದಿನ ಬಾಯಾರಿಕೆ ತಡೆಯಲಾರದೆ ತಾವಾಗಿಯೇ ಹೊರಗೆ ಬಂದರು.

ಸೆರೆಸಿಕ್ಕವರನ್ನೆಲ್ಲ ಗುಡಿಯ ಮುಂದಿನ ಬಯಲಿಗೆ ತಂದು ಕೂರಿಸಿದ್ದರು. ಅಲ್ಲಿ ಹಬ್ಬ ನಡೆಯುತ್ತಿತ್ತು. ಗೆದ್ದವರು ಪಂಜು ಹಿಡಿದು, ಹೂ ಮುಡಿದು, ಹಾಡುತ್ತ ಅಂಗಳದೊಳಗೆ ಹೋದರು. ಅವರ ರಾಜ ಬಯಸಿದ ಪೂಜೆ ಕೊನೆಗೂ ಆಯಿತು. ಆಮೇಲೆ ಒಬ್ಬ ಬಗ್ಗಿ, ರೆಷೆಫ್‌ನ ಕಾಲಿನಿಂದ ಸರಪಳಿಯನ್ನು ಭಕ್ತಿಯಿಂದ ಬಿಚ್ಚಿ ಎತ್ತಿ ಹಿಡಿದ. ಬಿಸಿಲಿಗೆ ಚಿನ್ನ ಹೊಳೆಯಿತು. ಎಲ್ಲರೂ ಕೂಗಿದರು. ವಿಗ್ರಹ ಇದ್ದಲ್ಲೇ ಇತ್ತು, ಎಡಗಾಲು ಒಂದು ಹೆಜ್ಜೆ ಮುಂದೆ.

“ಅಮ್ಮಾ,” ಬತ್ನೋ ಅವಳ ಸೆರಗು ಜಗ್ಗಿದಳು. “ದೇವರನ್ನ ಬಿಟ್ಟುಬಿಟ್ರು.”

“ಹೂಂ.”

“ಮತ್ತೆ ಈಗ ನಮ್ಮನ್ನ ಹಡಗು ಹತ್ತಿಸ್ತಾರಾ?”

“ಹತ್ತಿಸ್ತಾರೆ ಮಗಾ,” ಎಂದಳು ಅರಿಷತ್. ಅದು ಸುಳ್ಳಲ್ಲ. ಕೆಳಗೆ ಬಂದರಿನಲ್ಲಿ ಮನುಷ್ಯರನ್ನು ಕೊಳ್ಳುವವರ ಹಡಗುಗಳು ಸಾಲಾಗಿ ನಿಂತಿದ್ದವು. ಹೆಸರೇ ಕೇಳಿರದ ಊರುಗಳ ಹಡಗುಗಳು.

ಒಬ್ಬ ವ್ಯಾಪಾರಿ ಸಾಲಿನಲ್ಲಿ ಬರುತ್ತ ಎಲ್ಲರ ಕೈ ನೋಡುತ್ತಿದ್ದ. ಅರಿಷತ್‌ಳ ಮಣಿಕಟ್ಟು ಹಿಡಿದು ತಿರುಗಿಸಿ, ಮೂಸಿ, ನಕ್ಕು, ಹಿಂದಿನವನಿಗೆ ಏನೋ ಹೇಳಿದ. ಬಣ್ಣದ ಕೈಯವರಿಗೆ ಬೇರೆ ಹಗ್ಗವಿತ್ತು. ಅದರಲ್ಲಿ ಆಗಲೇ ಎಂಟು ಹತ್ತು ಜನ ಇದ್ದರು, ಎಲ್ಲ ಅವಳ ಕೇರಿಯವರೇ. ಹಂಡೆಯ ಕೆಲಸ ಕಲಿಯುತ್ತಿದ್ದ ಏಳೆಂಟು ವರ್ಷದ ಹುಡುಗಿಯೊಬ್ಬಳು ತಾಯಿಯ ಪಕ್ಕದಲ್ಲೇ ನಿಂತಿದ್ದಳು, ಅವಳ ಕೈಯೂ ಮೊಣಕೈವರೆಗೆ ಅದೇ ಬಣ್ಣ. ವ್ಯಾಪಾರಿ ಬತ್ನೋಳ ಕೈ ಹಿಡಿದು ನೋಡಿದ. ಬೆಳ್ಳಗೆ, ಮೆತ್ತಗೆ ಇತ್ತು. ಬಿಟ್ಟುಬಿಟ್ಟು ಆಚೆ ಮಕ್ಕಳ ಹಗ್ಗದ ಕಡೆ ಬೆರಳು ತೋರಿಸಿದ.

“ಇವಳದೂ ಬಣ್ಣದ ಕೈ! ಇವಳಿಗೂ ಕೆಲಸ ಬರುತ್ತೆ!” ಅರಿಷತ್ ಕೂಗಿದಳು. ಮಗುವಿನ ಎರಡೂ ಅಂಗೈಯನ್ನು ತನ್ನ ಅಂಗೈಗಳ ನಡುವೆ ಹಿಡಿದು ತಿಕ್ಕಿದಳು. ಉಗುಳಿ ತಿಕ್ಕಿದಳು, ಚರ್ಮ ಕೆಂಪಾಗುವ ಹಾಗೆ ತಿಕ್ಕಿದಳು.

“ಅಮ್ಮಾ, ನೋಯುತ್ತೆ.”

ವ್ಯಾಪಾರಿಯ ಆಳು ಬಂದು ಹಗ್ಗದ ಕುಣಿಕೆ ಹಿಡಿದು ಕಾದ. ಅವನಿಗೆ ಅವಸರವಿರಲಿಲ್ಲ. ಅವಳು ತಿಕ್ಕುತ್ತಲೇ ಇದ್ದಳು. ಬಣ್ಣ ಬಿಡಲಿಲ್ಲ.